ಬಾರ್ಸಿಲೋನಾದಲ್ಲಿ ಆರ್ವೆಲ್ ನಡಿಗೆ: ಖಂಡಿತ ಹೋಗಿ, ಆದರೆ ಓದಿಕೊಂಡು ಹೋಗಿ

ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಲು ಹೋಗಿದ್ದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಬಾರ್ಸಿಲೋನಾದಲ್ಲಿ ಓಡಾಡಿದ ಜಾಗಗಳನ್ನು ತೋರಿಸುವ ನಡಿಗೆ ಪ್ರವಾಸಗಳಿವೆ. ಅಂಥದ್ದೊಂದಕ್ಕೆ ಹೋಗಿ ಬಂದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಶುರುವಾಗುವುದು ಪ್ಲಾಸಾ ಕ್ಯಾಟಲೂನ್ಯಾದ ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಎದುರು. 1937ರ ಮೇ 3ರಂದು ಅದನ್ನು ವಶಪಡಿಸಿಕೊಳ್ಳಲು ಪೊಲೀಸರು ಬಂದರು. ಒಳಗಿದ್ದವರು ಅನಾರ್ಕಿಸ್ಟ್ ಕಾರ್ಮಿಕರು, ಅಂದರೆ ಸರ್ಕಾರವೇ ಬೇಡ ಅನ್ನುವವರು. ದಂಗೆಯೆದ್ದ ಸೇನಾಧಿಕಾರಿ ಫ್ರಾಂಕೋ ವಿರುದ್ಧ ಒಂದೇ ಕಡೆ ನಿಂತಿದ್ದವರೇ ಬೀದಿಯಲ್ಲಿ ಪರಸ್ಪರ ಗುಂಡು ಹಾರಿಸಿದರು. ಯುದ್ಧಭೂಮಿಯಿಂದ ರಜೆಯ ಮೇಲೆ ಬಂದಿದ್ದ ಆರ್ವೆಲ್ ಇದರ ನಡುವೆ ಸಿಕ್ಕಿಕೊಂಡರು.

ಅಲ್ಲಿಂದ ಲಾ ರಾಂಬ್ಲಾ. ಈ ಬೀದಿಯಲ್ಲಿ ಪೊಲಿಯೊರಾಮ ಥಿಯೇಟರ್ ಇದೆ, ನೆತ್ತಿಯ ಮೇಲೆ ಎರಡು ಗುಮ್ಮಟ. ಆರ್ವೆಲ್ ಮೂರು ಹಗಲು, ಮೂರು ರಾತ್ರಿ ಬಂದೂಕು ಹಿಡಿದು ಕಾವಲು ಕೂತದ್ದು ಅದರ ಮಾಡಿನ ಮೇಲೆ. ಕೆಳಗೆ ಕೆಫೆ ಮೋಕಾದಲ್ಲಿ ಎದುರು ನಿಂತ ಸರ್ಕಾರಿ ಗಾರ್ಡ್‌ಗಳು. ಹೊತ್ತು ಹೋಗದೆ ಆರ್ವೆಲ್ ಮಾಡಿನ ಮೇಲೆ ಪೆಂಗ್ವಿನ್ ಪುಸ್ತಕ ಓದುತ್ತಿದ್ದರಂತೆ. ಈ ಜಾಗದಲ್ಲಿ ಗೈಡ್ ನಿಧಾನವಾಗಿ ನಿಂತು, ಯಾರು ಎಲ್ಲಿದ್ದರು ಅಂತ ಕೈ ತೋರಿಸಿ ವಿವರಿಸಿದರು. ಆಮೇಲೆ ಪತ್ರಿಕೆಗಳು ಈ ಗಲಭೆಯನ್ನು ಹೇಗೆ ವರದಿ ಮಾಡಿದವು ಅಂತಲೂ ಹೇಳಿದರು. ಆರ್ವೆಲ್ ಹೋರಾಡಿದ್ದು ಪೌಮ್ ಎಂಬ ಎಡಪಂಥೀಯ ಪಕ್ಷದ ಪಡೆಯಲ್ಲಿ. ಆ ಪಕ್ಷದವರೆಲ್ಲ ಫ್ರಾಂಕೋನ ಏಜೆಂಟರು ಅಂತ ಕಮ್ಯುನಿಸ್ಟ್ ಪತ್ರಿಕೆಗಳು ಬರೆದವು. ಆರ್ವೆಲ್ ಮಾಡಿನ ಮೇಲಿಂದ ಕಣ್ಣಾರೆ ಕಂಡದ್ದೇ ಬೇರೆ.

ವರ್ಷಗಟ್ಟಲೆ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಬೇರೆಯವರ ವರದಿ ತಿದ್ದಿದವಳು ನಾನು. ನನಗೆ ಈ ಮನುಷ್ಯ ದೊಡ್ಡವನಾಗಿ ಕಾಣುವುದು ಇಲ್ಲೇ. ತನ್ನ ಕಡೆಯವರೇ ಸುಳ್ಳು ಬರೆದಾಗ ಅದನ್ನೂ ಸುಳ್ಳು ಅಂತ ಹೇಳಿದರು. ಇದನ್ನೆಲ್ಲ ಬರೆದ 'ಹೋಮೇಜ್ ಟು ಕ್ಯಾಟಲೋನಿಯಾ' ಪುಸ್ತಕವನ್ನು ಅವರ ಹಳೇ ಪ್ರಕಾಶಕರು ಬೇಡ ಅಂದರು. 1938ರಲ್ಲಿ ಬೇರೆಯವರು ಅಚ್ಚು ಹಾಕಿದ್ದು 1,500 ಪ್ರತಿ. 1950ರಲ್ಲಿ ಅವರು ಸಾಯುವ ಹೊತ್ತಿಗೂ ಅಷ್ಟು ಖರ್ಚಾಗಿರಲಿಲ್ಲ.

ಇನ್ನು ಕೊರತೆ. ಹೋಟೆಲ್ ಕಾಂಟಿನೆಂಟಲ್ ಮುಂದೆ ಎರಡು ಮಾತಾಡಿ ಮುಂದಕ್ಕೆ ಹೊರಟುಬಿಟ್ಟರು. ನನಗೆ ಬೇಜಾರಾಯಿತು. ಆರ್ವೆಲ್ ಹೆಂಡತಿ ಐಲೀನ್ ಉಳಿದುಕೊಂಡಿದ್ದದ್ದು ಅಲ್ಲೇ. ವೆಸ್ಕಾ ಊರಿನ ಹತ್ತಿರ ಗಂಟಲಿಗೆ ಗುಂಡೇಟು ತಿಂದು ಬದುಕಿದ ಆರ್ವೆಲ್ ಜೂನ್‌ನಲ್ಲಿ ಆ ಹೋಟೆಲ್‌ಗೆ ವಾಪಸ್ ಬಂದರು. ಅಷ್ಟರಲ್ಲಿ ಪೌಮ್ ಪಕ್ಷವನ್ನು ನಿಷೇಧಿಸಿ, ಅದರ ನಾಯಕ ಆಂದ್ರೆಯು ನಿನ್ ಅವರನ್ನು ಹಿಡಿದಿದ್ದರು. ಐಲೀನ್ ನಗುತ್ತಾ ಎದ್ದು ಬಂದು, ಗಂಡನ ಕೊರಳಿಗೆ ಕೈ ಹಾಕಿ, ಕಿವಿಯಲ್ಲಿ ಹೊರಗೆ ನಡಿ ಅಂದರು. ಅವರ ಕೋಣೆಯನ್ನು ಪೊಲೀಸರು ಆಗಲೇ ಜಾಲಾಡಿ ಕಾಗದಪತ್ರ ಒಯ್ದಿದ್ದರು. ಆದರೆ ಐಲೀನ್ ಮಲಗಿದ್ದ ಹಾಸಿಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಆ ರಾತ್ರಿ ಆರ್ವೆಲ್ ಮಲಗಿದ್ದು ಪಾಳುಬಿದ್ದ ಚರ್ಚೊಂದರಲ್ಲಿ. ತಲೆಮರೆಸಿಕೊಂಡಿದ್ದಾಗಲೂ ಜೈಲಿಗೆ ಹೋಗಿ ತಮ್ಮ ಕಮಾಂಡರ್ ಜಾರ್ಜ್ ಕೋಪ್ ಅವರನ್ನು ನೋಡಿ ಬಂದರು. ಇಷ್ಟೆಲ್ಲ ಇರುವ ಜಾಗದಲ್ಲಿ ಎರಡೇ ಮಾತು ಸಾಕಾ?

ರಾಂಬ್ಲಾದಲ್ಲಿ ಗಲಾಟೆ ಜಾಸ್ತಿ. ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಗೈಡ್ ಪಕ್ಕದಲ್ಲೇ ನಡೆಯಿರಿ, ಚೀಲ ಎದೆ ಮೇಲಿರಲಿ, ಜೇಬುಗಳ್ಳರ ಕಾಟವಿದೆ. ಕೊನೆಗೆ ಸ್ಯಾಂಟ್ ಫೆಲಿಪ್ ನೇರಿ ಚೌಕಕ್ಕೆ ಕರೆದೊಯ್ಯುತ್ತಾರೆ. 1938ರ ಜನವರಿಯ ಬಾಂಬ್ ದಾಳಿಯ ಗುರುತು ಚರ್ಚ್ ಗೋಡೆಯಲ್ಲಿ ಹಾಗೇ ಇದೆ. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಆರ್ವೆಲ್ ಆಗ ಸ್ಪೇನ್‌ನಲ್ಲಿರಲಿಲ್ಲ, ಆದರೂ ಆ ಜಾಗ ತಪ್ಪಿಸಬೇಡಿ.

ಪುಸ್ತಕ ಓದದೆ ಹೋದರೆ ಪಕ್ಷಗಳ ಹೆಸರಲ್ಲೇ ತಲೆ ಗಿರ್ ಅನ್ನುತ್ತದೆ. ಐಲೀನ್ ಬಗ್ಗೆ ನೀವಾಗೇ ಕೇಳಿ. ನಾನು ಕೇಳಿದ ಮೇಲೆ ಗೈಡ್ ಚೆನ್ನಾಗಿಯೇ ಹೇಳಿದರು.