ಹಗ್ಗವೋ, ಸೀಟಿಯೋ, ಕರೆಂಟ್ ಪಟ್ಟಿಯೋ?

ನಮ್ಮ ಕೆಂಚ ಪಾಯಿಂಟರ್ ಅನ್ನೋ ಬೇಟೆನಾಯಿ ತಳಿಯ ಮರಿ. ಒಂಬತ್ತು ತಿಂಗಳು. ಹಕ್ಕಿಯ ವಾಸನೆ ಸಿಕ್ಕರೆ ಮುಂಗಾಲು ಮಡಚಿ, ಬಾಲ ನೆಟ್ಟಗೆ ಮಾಡಿ ನಿಂತುಬಿಡುತ್ತಾನೆ. ಇದನ್ನು ನಾನು ಕಲಿಸಿದ್ದಲ್ಲ, ತಳಿಯ ಗುಣ. ಕಲಿಸಬೇಕಾದದ್ದು ಎರಡೇ: ಹಕ್ಕಿ ಹಾರಿದರೆ ಬೆನ್ನು ಹತ್ತಬಾರದು, ಕರೆದರೆ ಬರಬೇಕು. ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಹೆಜ್ಜೆಗೊಂದು ಬೆಳ್ಳಕ್ಕಿ ಇರುವಾಗ ಎರಡೂ ಕಷ್ಟ.

"ಬ್ಯಾಟಿಗೆ ತಯಾರ್ ಮಾಡಾಕತ್ತೀರೇನ್ರೀ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ ಮಾರಾಯ್ರೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಒಂದು ಕೌಜುಗ ಹೊಡೆದರೂ ಕೇಸು. ನಮ್ಮದು ಬರೀ ಕಾಲುಚೀಲದ ಬೇಟೆ. ಹಳೇ ಕಾಲುಚೀಲಕ್ಕೆ ಭತ್ತದ ಹೊಟ್ಟು ತುಂಬಿ, ಮೇಲೆ ಕೋಳಿಪುಕ್ಕ ಕಟ್ಟಿ ಎಸೆಯುವುದು. (ಮೊದಲು ಕೋಳಿಯ ರೆಕ್ಕೆಯನ್ನೇ ಕಟ್ಟಿದ್ದೆ. ಎಲುಬು ಸಮೇತ ತಿಂದ.)

ಮೊದಲು ಹಗ್ಗ. ನೈಲಾನ್ ಹಗ್ಗ ಒಂದೇ ದಿನಕ್ಕೆ ಅಂಗೈ ಸುಲಿಯಿತು, ಹಾಗಾಗಿ 30 ಅಡಿ ನೂಲಿನ ಹಗ್ಗ ತಂದೆ. ಕಟ್ಟಿರುವಷ್ಟು ಹೊತ್ತು ದೇವರಂಥ ನಾಯಿ. 20ನೇ ದಿನ ಬಿಚ್ಚಿದೆ. ಕುತ್ತಿಗೆ ಹಗುರಾದದ್ದು ಅವನಿಗೆ ತಕ್ಷಣ ಗೊತ್ತಾಯಿತು. ಆಗತಾನೇ ನಾಟಿ ಮಾಡಿದ ಮಡಿಯೊಳಗೆ ಬೆಳ್ಳಕ್ಕಿ ಹಿಂದೆ ಒಂದೇ ಓಟ! "ನಿಮ್ ನಾಯಿ ಹಿಡಕೊಳ್ರೀ ಅಣ್ಣ, ಸಸಿ ಎಲ್ಲಾ ತುಳ್ಯಾಕತ್ತೈತಿ" ಅಂತ ನಾಟಿಯವರು ಕೂಗಿದರು. ತಲೆ ತಗ್ಗಿಸಿ ಹಿಡಿದು ತಂದೆ.

ಕರೆಂಟ್ ಪಟ್ಟಿಯನ್ನು, ಅಂದರೆ ಬಟನ್ ಒತ್ತಿದರೆ ನಾಯಿಯ ಕುತ್ತಿಗೆಗೆ ಶಾಕ್ ಕೊಡುವ ಪಟ್ಟಿಯನ್ನು, ಗೆಳೆಯನೊಬ್ಬ ಕೊಟ್ಟ. ಒಂದೇ ದಿನ ಹಾಕಿದ್ದು. ಹಕ್ಕಿ ಎದ್ದಿತು, ಕೆಂಚ ಓಡಿದ, ಬಟನ್ ಒತ್ತಿದೆ. ಕುಂಯ್ ಅಂದ. ಓಡಿದ್ದು ತಪ್ಪು ಅಂತ ಅವನಿಗೆ ಹೊಳೆಯಲಿಲ್ಲ, ಆ ಬದುವೇ ಕಚ್ಚಿತು ಅಂದುಕೊಂಡ. ಎರಡು ದಿನ ಅತ್ತ ಕಾಲಿಡಲಿಲ್ಲ. ಹಕ್ಕಿನಾಯಿ ಹಕ್ಕಿಗೇ ಹೆದರಿದರೆ ಏನುಳಿಯಿತು? ಪಟ್ಟಿ ವಾಪಸ್ ಕೊಟ್ಟೆ.

ಸೀಟಿ ಸುಮ್ನೆ ತಂದದ್ದು, ಅದೇ ಗೆದ್ದಿತು. ಹತ್ತು ದಿನ ಮನೆಯಲ್ಲೇ, ತಟ್ಟೆ ಇಡುವ ಮುಂಚೆ ಎರಡು ಸಲ ಪೀ ಪೀ. ಆಮೇಲೆ ಗದ್ದೆಯಲ್ಲಿ, ಬೆಳಗ್ಗೆ ಆರಕ್ಕೆ, ಬಿಸಿಲೇರುವ ಮುಂಚೆ. ಬಾಯಲ್ಲಿ ಕರೆದರೆ ಮೂರನೇ ಸಲಕ್ಕೆ ನನ್ನ ಸಿಟ್ಟು ದನಿಯಲ್ಲಿ ಬಂದುಬಿಡುತ್ತದೆ. ಸಿಟ್ಟಿನ ದನಿಯ ಹತ್ತಿರ ಯಾವ ನಾಯಿ ಬರುತ್ತೆ ಹೇಳಿ? ಸೀಟಿಗೆ ಸಿಟ್ಟಿಲ್ಲ. ನಾನು ಊದಿದರೂ ಮಗಳು ಊದಿದರೂ ಒಂದೇ ಸದ್ದು.

ಆದರೆ ರೊಟ್ಟಿ ಚೂರಿಗೆ ಹಕ್ಕಿ ಬಿಟ್ಟು ಬರುವವನಲ್ಲ. ಬೇಯಿಸಿದ ಲಿವರ್ ಬೇಕು. ಹಗ್ಗವೂ ಬೇಕು, ಕೈಯಲ್ಲಲ್ಲ, ನೆಲದ ಮೇಲೆ ಎಳೆದಾಡುತ್ತಾ ಇರಬೇಕು. ಸೀಟಿ ಕೇಳದಿದ್ದರೆ ತುದಿ ತುಳಿದರೆ ಸಾಕು.

ಈಗ ಬೆಳ್ಳಕ್ಕಿ ಎದ್ದರೆ ನಾಲ್ಕು ಹೆಜ್ಜೆ ಓಡಿ, ಸೀಟಿಗೆ ತಿರುಗುತ್ತಾನೆ. ಮೊನ್ನೆ ಕಾಲುವೆ ದಂಡೆಯಲ್ಲಿ ನವಿಲು ಎದ್ದಾಗ ಮಾತ್ರ ಮೂರು ಸಲ ಊದಿದೆ. ಅವತ್ತು ಹಗ್ಗ ಮನೆಯಲ್ಲಿ ಬಿಟ್ಟು ಬಂದಿದ್ದೆ.