ಕೋವಿಗೆ ರಬ್ಬರ್ ಟೋಪಿ: ಒಂದು ಇಂಚು ಉದ್ದ ಮಾಡಿದರೆ ಏನಾಗುತ್ತದೆ?

ಎತ್ತರದ ಆಳು, ಕೈಯಲ್ಲಿ ಅಜ್ಜನ ಕಾಲದ 12 ಬೋರ್ ಜೋಡು ನಳಿಗೆ ಕೋವಿ. ಕೊಡಗಿನಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ. ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಮರದ ಭಾಗ, ಅಂದರೆ ಕೋವಿಯ ಬಟ್, ನಮಗೆ ಗಿಡ್ಡ ಆಗುತ್ತದೆ ಅಂತ ಗೊತ್ತಿದ್ದರೂ ಹಾಗೇ ಹೊಡೆಯುತ್ತಿರುತ್ತೇವೆ. ಇದಕ್ಕೆ ಸುಲಭದ ಮದ್ದು ಅಂತ ಬಟ್‌ನ ಹಿಂದಿನ ತುದಿಗೆ ಕಾಲುಚೀಲದ ಹಾಗೆ ಎಳೆದು ಹಾಕುವ ರಬ್ಬರ್ ಪ್ಯಾಡ್ ಸಿಗುತ್ತದೆ. ಸ್ಲಿಪ್-ಆನ್ ರಿಕಾಯಿಲ್ ಪ್ಯಾಡ್, ಅಂದರೆ ಕೋವಿಯ ಒದೆತ ತಡೆಯುವ ಮೆತ್ತೆ. ಮರ ಕೊಯ್ಯುವುದು ಬೇಡ, ಸ್ಕ್ರೂ ಬೇಡ. ಒಂದು ಮಳೆಗಾಲವೂ ಸೇರಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ದುಡ್ಡಿಗೆ ಮೋಸ ಇಲ್ಲ, ಆದರೆ ಕಾಯಂ ಆಗಿ ಕೋವಿಯ ಮೇಲೇ ಬಿಡುವ ವಸ್ತು ಅಲ್ಲ.

ಮೊದಲು ಅಳತೆ. ಕೋವಿ ಖಾಲಿ ಇದೆಯಾ ಅಂತ ನಳಿಗೆ ಬಗ್ಗಿಸಿ ತೆರೆದು ನೋಡಿ, ಆಮೇಲೆ ಟೇಪ್ ಹಿಡಿಯಿರಿ. ಟ್ರಿಗರ್‌ನಿಂದ ಬಟ್‌ನ ಹಿಂಬದಿಯ ನಡುಮಧ್ಯಕ್ಕೆ ಎಷ್ಟು ದೂರ ಅಂತ ಅಳೆಯಬೇಕು. ಎರಡು ಟ್ರಿಗರ್ ಇರುವ ಕೋವಿಯಾದರೆ ಮುಂದಿನ ಟ್ರಿಗರ್‌ನಿಂದ. ನಮ್ಮದು 13¾ ಇಂಚು. ಆರಡಿ ದಾಟಿದವನಿಗೆ ಇದು ಸಾಲದು. ಅದರ ಮೇಲೆ ಇನ್ನೊಂದು ಗಮ್ಮತ್ತಿದೆ: ಹಿಂದಿನ ಟ್ರಿಗರ್‌ಗೆ ಬೆರಳು ಹೋದಾಗ ಈ ದೂರ ಹತ್ತಿರ ಹತ್ತಿರ ಒಂದು ಇಂಚು ಕಡಿಮೆಯಾಗುತ್ತದೆ. ಅಂದರೆ ಎಡ ನಳಿಗೆ ಹೊಡೆಯುವಾಗ ನನ್ನಂಥವನ ಹೆಬ್ಬೆರಳು ಮೂಗಿನ ಬಳಿಯೇ ಬಂದು ಕೂತಿರುತ್ತದೆ. ಗುಂಡು ಹಾರಿದ ತಕ್ಷಣ ಮೂಗಿಗೆ ಒಂದು ಏಟು. ಕೋವಿ ಒದೆಯುತ್ತದೆ ಅಂತ ಬೈಯುವವರಲ್ಲಿ ಸುಮಾರು ಜನರಿಗೆ ಒದೆಯುತ್ತಿರುವುದು ಕೋವಿ ಅಲ್ಲ, ಸ್ವಂತ ಹೆಬ್ಬೆರಳು.

ಮೊಣಕೈ ಮಡಚಿ, ಆ ಮಡಿಕೆಗೆ ಬಟ್ ಇಟ್ಟು, ಬೆರಳು ಟ್ರಿಗರ್‌ಗೆ ಸಿಕ್ಕಿದರೆ ಸರಿ ಅಂತ ಹಿರಿಯರು ನೋಡುತ್ತಾರಲ್ವಾ, ಅದನ್ನು ನಾನು ನಂಬಲ್ಲ. ಅದರಲ್ಲಿ ಕತ್ತಿನ ಉದ್ದವೂ ಬರಲ್ಲ, ಭುಜದ ಅಗಲವೂ ಬರಲ್ಲ. ಖಾಲಿ ಕೋವಿ ಹೆಗಲಿಗೇರಿಸಿ, ಕೆನ್ನೆ ಮರಕ್ಕೆ ತಾಗಿಸಿ, ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಮೂರು ಬೆರಳಿನ ಜಾಗ ಇದೆಯಾ ನೋಡಿ. ಅದು ವಾಸಿ.

ಪ್ಯಾಡ್ ವಿಚಾರಕ್ಕೆ ಬರೋಣ. ಲಿಂಬ್‌ಸೇವರ್, ಪಾಕ್‌ಮೈರ್ ಅಂತ ಅಮೆರಿಕದ ಕಂಪನಿಗಳದ್ದು ಹೆಸರುವಾಸಿ, ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಬರುತ್ತವೆ. ನಾನು ತಗೊಂಡಿದ್ದು ಅವೆರಡೂ ಅಲ್ಲ, ಹೆಸರು ಬಿಡಿ. ಬಟ್‌ನ ಎತ್ತರ, ದಪ್ಪ ಎರಡೂ ಅಳೆದು ಸೈಜ್ ಆರಿಸಬೇಕು, ಅಂದಾಜಿಗೆ ತಗೊಂಡರೆ ಸಡಿಲವಾಗಿ ತಿರುಗಾಡುತ್ತದೆ. ಬಿಗಿ ಇದ್ದಷ್ಟೂ ಒಳ್ಳೆಯದು, ಹಾಕುವಾಗ ಒಳಗಡೆ ಸ್ವಲ್ಪ ಸೋಪಿನ ನೀರು ಸವರಿದರೆ ಜಾರಿ ಕೂರುತ್ತದೆ. ನನ್ನ ಪ್ಯಾಡ್ ಸುಮಾರು ಒಂದು ಇಂಚು ಉದ್ದ ಕೊಟ್ಟಿತು.

ಹಳೇ ಕೋವಿಗಳ ಬಟ್ ಹಿಂಬದಿ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಪ್ಯಾಡ್‌ನ ಒಳಭಾಗ ಚಪ್ಪಟೆ. ಹಾಗಾಗಿ ನಡುವೆ ಪೊಳ್ಳು ಉಳಿದು, ಹೊಡೆದಾಗ ಪ್ಯಾಡ್ ಸ್ಪ್ರಿಂಗ್ ಥರ ಆಡುತ್ತದೆ. ಹವಾಯಿ ಚಪ್ಪಲಿಯ ಅಟ್ಟೆಯನ್ನು ಬಟ್‌ನ ಆಕಾರಕ್ಕೆ ಕತ್ತರಿಸಿ ಒಳಗೆ ತುಂಬಿ, ಪೊಳ್ಳು ಹೋಗುತ್ತದೆ. ಇನ್ನೂ ಅರ್ಧ ಇಂಚು ಬೇಕು ಅನ್ನುವವರಿಗೂ ಇದೇ ದಾರಿ. ಆದರೆ ತುಂಬುವಾಗ ಮೇಲೆ ದಪ್ಪ, ಕೆಳಗೆ ತೆಳು ಆಗದ ಹಾಗೆ ನೋಡಿಕೊಳ್ಳಿ. ಬಟ್ ಭುಜಕ್ಕೆ ಕೂರುವ ಓರೆ ಬದಲಾದರೆ ಕೆಳಗಿನ ಮೂಲೆ ಎದೆಗೆ ಚುಚ್ಚುತ್ತದೆ, ಇಲ್ಲವೇ ಬಟ್ ಭುಜದಿಂದ ಜಾರುತ್ತದೆ.

ಒದೆತ ಕಡಿಮೆಯಾಯಿತಾ? ಆಯಿತು, ಆದರೆ ಮ್ಯಾಜಿಕ್ ಏನೂ ಇಲ್ಲ. ತೋಟೆಯ ಶಕ್ತಿ ಅಷ್ಟೇ, ಕೋವಿಯ ತೂಕವೂ ಅಷ್ಟೇ. ರಬ್ಬರ್ ಅಮುಕಿಕೊಂಡು ಆ ಏಟನ್ನು ಸ್ವಲ್ಪ ಜಾಸ್ತಿ ಹೊತ್ತಿಗೆ, ಸ್ವಲ್ಪ ಜಾಸ್ತಿ ಜಾಗಕ್ಕೆ ಹರಡುತ್ತದೆ. ಶಕ್ತಿಮಾನ್ ಬ್ರ್ಯಾಂಡಿನ 70 ಮಿ.ಮೀ. ಉದ್ದದ ತೋಟೆ ಹೊಡೆದಾಗ ಮರುದಿನದ ಭುಜನೋವು ಈಗ ಇಲ್ಲ. ನನಗೆ ಇದರಲ್ಲಿ ಮೆತ್ತನೆ ರಬ್ಬರ್‌ಗಿಂತ ಉದ್ದದ ಪಾಲೇ ದೊಡ್ಡದು ಅನ್ನಿಸುತ್ತದೆ. (ಹಳೇ ಕೋವಿಗಳಲ್ಲಿ 65 ಮಿ.ಮೀ. ಚೇಂಬರಿನವೂ (ತೋಟೆ ಕೂರುವ ಜಾಗ) ಇವೆ. ಅದಕ್ಕೆ 70ರ ತೋಟೆ ತುರುಕಿ, ಪ್ಯಾಡ್ ಇದೆಯಲ್ಲ ಅಂದುಕೊಳ್ಳುವುದು ಹುಚ್ಚುತನ.)

ಇನ್ನು ಯಾರೂ ಹೇಳದ ವಿಷಯ. ಉದ್ದ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನಮ್ಮ ಕೋವಿಗಳಲ್ಲಿ ಗುರಿ ನೋಡಲು ಹಿಂದಿನ ಸೈಟ್ ಅಂತ ಇಲ್ಲ, ಕಣ್ಣೇ ಹಿಂದಿನ ಸೈಟ್. ಬಟ್‌ನ ಮೇಲಂಚು ಹಿಂದಕ್ಕೆ ಹೋದ ಹಾಗೆ ಇಳಿಜಾರು. ಒಂದು ಇಂಚು ಉದ್ದ ಮಾಡಿದಾಗ ಕೆನ್ನೆ ಹಿಂದಕ್ಕೆ ಸರಿಯುತ್ತದೆ, ಹಿಂದೆ ಸರಿದರೆ ತಗ್ಗಿಗೆ ಇಳಿಯುತ್ತದೆ, ಕಣ್ಣು ಕೆಳಗಾಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುವ ಮುಂಚೆ ದೊಡ್ಡ ಹಾಳೆಯೊಂದನ್ನು ಹಲಗೆಗೆ ಅಂಟಿಸಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ, ಪ್ಯಾಡ್ ಹಾಕಿ ಒಂದು, ತೆಗೆದು ಒಂದು ಹೊಡೆದು ನೋಡಿ. ನಮ್ಮ ಕೋವಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಕೆನ್ನೆ ತಾಗುವ ಕಡೆ ತೆಳು ಫೋಮ್ ಎರಡು ಪದರ ಇಟ್ಟು ಟೇಪ್ ಸುತ್ತಿದ ಮೇಲೆ ಸರಿಹೋಯಿತು. ಅಂದ ಕೆಟ್ಟಿತು, ಅದು ನಿಜ.

ಬೈಯಬೇಕಾದ್ದೂ ಇದೆ. ರಬ್ಬರ್‌ನ ಮೇಲಿನ ಮೂಲೆ ಅಂಗಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಿಧಾನವಾಗಿ ಗುರಿ ಹಿಡಿದು ಕಾಯಿ ಹೊಡೆಯುವವರಿಗೆ ಇದು ಲೆಕ್ಕಕ್ಕಿಲ್ಲ, ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್, ಸ್ಕೀಟ್ ಜನರಿಗೆ, ಅದರಲ್ಲೂ ಕೋವಿ ಕೆಳಗಿನಿಂದ ಎತ್ತಬೇಕಾದ ಸ್ಕೀಟ್‌ನವರಿಗೆ, ದೊಡ್ಡ ಕಿರಿಕಿರಿ. ಆ ಮೂಲೆಗೆ ಎಲೆಕ್ಟ್ರಿಕ್ ಟೇಪ್ ಸುತ್ತಿದರೆ ಜಾರುತ್ತದೆ. ಎರಡನೆಯದು ನಮ್ಮೂರಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಬರುವ ಊರಲ್ಲಿ ರಬ್ಬರ್ ಅಡಿಯ ಮರ ಒಣಗುವುದೆಲ್ಲಿ? ನಾನು ತೆಗೆದು ನೋಡಿದಾಗ ವಾರ್ನಿಷ್ ಅಂಟಂಟಾಗಿತ್ತು, ರಬ್ಬರಿನ ಕಪ್ಪು ಗುರುತೂ ಬಿದ್ದಿತ್ತು. ಹೊಡೆದಾದ ಮೇಲೆ ತೆಗೆದು, ಮರ ಒರೆಸಿ, ಬೇರೆ ಇಡಿ.

ತೆಗೆಯಬಹುದು ಅನ್ನುವುದೇ ಇದರ ದೊಡ್ಡ ಲಾಭ ಕೂಡ. ಒಂದೇ ಕೋವಿ, ಹೊಡೆಯುವವರು ಮನೆ ತುಂಬ. ನನ್ನ ತಂಗಿಗೆ 13¾ ಇಂಚೇ ಸರಿ, ನಾನು ಹೊಡೆದಾದ ಮೇಲೆ ಪ್ಯಾಡ್ ಕಿತ್ತು ಅವಳ ಕೈಗೆ ಕೊಡುತ್ತೇನೆ. ಡಿಸೆಂಬರ್ ಚಳಿಯಲ್ಲಿ ದಪ್ಪ ಸ್ವೆಟರ್ ಹಾಕಿದರೆ ನನಗೂ ಅಷ್ಟು ಉದ್ದ ಬೇಡ. ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವಾಗಲಂತೂ ತೆಗೆಯಲೇಬೇಕು, ಈ ಕರಿ ರಬ್ಬರ್ ದೇವರ ಮುಂದೆ ಇಡಲು ಅಮ್ಮ ಬಿಡಲ್ಲ.

ಹೊಡೆಯುವವರು ನೀವೊಬ್ಬರೇ ಆದರೆ ಲೆಕ್ಕ ಬೇರೆ. ಸ್ಲಿಪ್-ಆನ್ ಹಾಕಿ, ಚಪ್ಪಲಿ ಅಟ್ಟೆಯ ತುಂಡು ಸೇರಿಸಿ, ತೆಗೆದು, ನಿಮ್ಮ ಉದ್ದ ಎಷ್ಟು ಅಂತ ಮೊದಲು ಕಂಡುಕೊಳ್ಳಿ. ಆಮೇಲೆ ಆ ಅಳತೆ ಬರೆದುಕೊಂಡು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಿ, ಮರದ ತುಂಡು ಕೂರಿಸಿ ಸ್ಕ್ರೂ ಹಾಕುವ ಪ್ಯಾಡ್ ಮಾಡಿಸಿಕೊಳ್ಳಿ. ಖರ್ಚು ಜಾಸ್ತಿ, ಆದರೆ ಅಂಗಿಗೆ ಸಿಕ್ಕಲ್ಲ, ತಿರುಗಲ್ಲ, ಬೂಸ್ಟಿನ ತಲೆನೋವೂ ಇಲ್ಲ. ಹಳೇ ಬಟ್‌ನ ಮರ ಕೊಯ್ಯದೇ ಮಾಡಿಕೊಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ.