ಕಂಪನಿ ಡೆಕ್ ಇರಲಿ, ಹಿಂದೆ ಒಂದು ಆಂಪ್ ಬರಲಿ

ಕಾರಿನ ಸೌಂಡ್ ಚೆನ್ನಾಗಿ ಮಾಡಿಸಬೇಕು ಅಂತ ಬಳ್ಳಾರಿಯಲ್ಲಿ ಯಾವ ಅಂಗಡಿಗೆ ಹೋದರೂ ಮೂರು ದಾರಿ ತೋರಿಸುತ್ತಾರೆ. ಕಂಪನಿ ಡೆಕ್ (ಕಾರಿನ ಜೊತೆಗೇ ಬರುವ ಸ್ಟೀರಿಯೊ) ಕಿತ್ತು ದೊಡ್ಡ ಸ್ಕ್ರೀನಿನ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿ. ಸೀಟಿನ ಕೆಳಗೆ ಕೂರುವ ಚಪ್ಪಟೆ ಸಬ್‌ವೂಫರ್ ಹಾಕಿಸಿ. ಇಲ್ಲವೇ ಡೆಕ್ ಮುಟ್ಟದೆ ಅದರ ಹಿಂದೆ ನಾಲ್ಕು ಚಾನೆಲ್ಲಿನ, ಅಂದರೆ ನಾಲ್ಕು ಸ್ಪೀಕರಿಗೆ ಬಲ ಕೊಡುವ ಆಂಪ್ಲಿಫೈಯರ್ (ಆಂಪ್) ಜೋಡಿಸಿ. ಮೊದಲನೆಯದು ತಮ್ಮನ ಕಾರಿನಲ್ಲಿದೆ, ಆಗಾಗ ನಾನೂ ಓಡಿಸುತ್ತೇನೆ. ಎರಡನೆಯದನ್ನು ಗೆಳೆಯನಿಂದ ಇಸ್ಕೊಂಡು ನನ್ನ ಕಾರಿನಲ್ಲೇ ಹಾಕಿ ಕೇಳಿದೆ. ಮೂರನೆಯದಕ್ಕೆ ದುಡ್ಡು ಕೊಟ್ಟೆ, ಇವತ್ತಿಗೂ ಖುಷಿಯಾಗಿದ್ದೇನೆ.

ನನ್ನ ಓಡಾಟ ಹೊಸಪೇಟೆ ರಸ್ತೆಯಲ್ಲಿ. ಕುಡುತಿನಿ, ತೋರಣಗಲ್ಲು ದಾಟುವ ತನಕ ಪಕ್ಕದಲ್ಲಿ ಲಾರಿ ಇದ್ದೇ ಇರುತ್ತದೆ. ಕೆಂಪು ಧೂಳಿಗೆ ಗ್ಲಾಸ್ ಇಳಿಸುವ ಹಾಗಿಲ್ಲ, ಬಿಸಿಲಿಗೆ ಎಸಿ ಬ್ಲೋವರ್ ಜೋರಾಗಿರಲೇಬೇಕು. ಈ ಗದ್ದಲದ ಮೇಲೆ ಹಾಡು ಕೇಳಬೇಕು ಅಂದರೆ ವಾಲ್ಯೂಮ್ ಏರಿಸಬೇಕು. ಏರಿಸಿದರೆ ಕಂಪನಿ ಡೆಕ್ ಒಡೆದ ದನಿಯಲ್ಲಿ ಕಿರುಚುತ್ತದೆ.

ಯಾಕೆ ಅಂದರೆ, ಡಬ್ಬದ ಮೇಲೆ 50x4, ಅಂದರೆ ನಾಲ್ಕು ಸ್ಪೀಕರಿಗೂ 50 ವ್ಯಾಟ್ ಅಂತ ಬರೆದಿದ್ದರೂ ಅದು ಪೀಕ್ ಲೆಕ್ಕ, ಕ್ಷಣಮಾತ್ರ ಮುಟ್ಟುವ ಗರಿಷ್ಠ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು 14 ವೋಲ್ಟ್ ಆಸುಪಾಸು. ಅದರಲ್ಲೇ ನಡೆಯುವ ಡೆಕ್ಕಿನೊಳಗಿನ ಪುಟ್ಟ ಚಿಪ್ಪು 4 ಓಮ್ ಸ್ಪೀಕರಿಗೆ ಚೊಕ್ಕವಾಗಿ ಕೊಡುವುದು ಸುಮಾರು 18ರಿಂದ 20 ವ್ಯಾಟ್. ಬೇರೆಯಾಗಿ ಹಾಕಿಸುವ ಆಂಪ್ ಆ ವೋಲ್ಟೇಜನ್ನು ತನ್ನೊಳಗೇ ಏರಿಸಿಕೊಳ್ಳುತ್ತದೆ. ಅದಕ್ಕೇ ಅದರಿಂದ ಚಾನೆಲ್ಲಿಗೆ 50 ವ್ಯಾಟ್ ನಿಜವಾಗಿಯೂ ಬರುತ್ತದೆ.

ಆಂಡ್ರಾಯ್ಡ್ ಸ್ಟೀರಿಯೊ ಬಗ್ಗೆ ನನ್ನ ಮೊದಲ ತಕರಾರೇ ಇದು. ಹತ್ತಾರು ಸಾವಿರ ಕೊಟ್ಟು ತಂದರೂ ಒಳಗಿರುವುದು ಅದೇ ಜಾತಿಯ ಚಿಪ್ಪು. ಸ್ಕ್ರೀನ್ ದೊಡ್ಡದಾಯಿತು, ಸೌಂಡ್ ಅಲ್ಲೇ ಇದೆ. ತಮ್ಮನ ಕಾರಿನಲ್ಲಿ ಎಫ್‌ಎಂ ಕೂಡ ಹೋಯಿತು. ಮೊದಲು ಹೊಸಪೇಟೆ ಆಕಾಶವಾಣಿ ಮನೆ ಗೇಟಿನಲ್ಲೇ ಹಿಡಿಯುತ್ತಿತ್ತು, ಈಗ ಬರೀ ಗೊರಗೊರ. ಎಷ್ಟೋ ಕಾರುಗಳ ಆಂಟೆನಾದಲ್ಲಿ ಒಂದು ಬೂಸ್ಟರ್ ಇರುತ್ತದೆ, ಅದಕ್ಕೆ ಡೆಕ್ಕಿನಿಂದಲೇ 12 ವೋಲ್ಟ್ ಹೋಗಬೇಕು. ಹೊಸ ಡೆಕ್ ಹಾಕುವಾಗ ಆ ವೈರ್ ಯಾರೂ ಜೋಡಿಸಿರಲಿಲ್ಲ. ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡಲು ಬೇರೆ ಅಡಾಪ್ಟರ್, ಅದಕ್ಕೆ ಬೇರೆ ದುಡ್ಡು. ರಿವರ್ಸ್ ಕ್ಯಾಮೆರಾ, ಮ್ಯಾಪ್ ಬೇಕೇ ಬೇಕು ಅನ್ನುವವರಿಗೆ ಸರಿ.

ಸೀಟಿನ ಕೆಳಗಿನ ಸಬ್‌ವೂಫರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಗ ತಿನ್ನಲ್ಲ, ಸೊಂಟಕ್ಕೆ ಗುದ್ದುವ ಬಾಸ್ ಬರುತ್ತದೆ. ಆದರೆ ಡೋರಿನ ಸ್ಪೀಕರುಗಳು ಇನ್ನೂ ಅದೇ ಬಡ ಡೆಕ್ಕಿನ ಮೇಲೇ ಬದುಕುತ್ತಿರುತ್ತವೆ. ನಾನು ಜಾಸ್ತಿ ಕೇಳುವುದು ಹಿಂದೂಸ್ತಾನಿ ಗಾಯನ. ನಮ್ಮ ಬಳ್ಳಾರಿ ಕಡೆಯವರೇ ಆದ ಪಂಡಿತ್ ವೆಂಕಟೇಶ್ ಕುಮಾರ್ ತಾರಕಕ್ಕೆ ಏರಿದಾಗ ದನಿ ಒಡೆಯಬಾರದು, ನನಗೆ ಬೇಕಾಗಿದ್ದು ಅಷ್ಟೇ. ಆ ಕೆಲಸ ಸಬ್‌ವೂಫರಿಗೆ ಸೇರಿದ್ದಲ್ಲ.

ಇನ್ನು ಆಂಪ್. ನಾನು ತಂದಿದ್ದಕ್ಕೆ ಸುಮಾರು 9,000 ರೂಪಾಯಿ, ವೈರು, ಫ್ಯೂಸು, ಡೆಕ್ಕಿನ ಸ್ಪೀಕರ್ ವೈರಿನ ಸಿಗ್ನಲ್ಲನ್ನು ಆಂಪ್‌ಗೆ ಹೊಂದಿಸುವ ಕನ್ವರ್ಟರ್, ಕೂಲಿ ಎಲ್ಲ ಸೇರಿ ಇನ್ನೊಂದು 4,000. ದನಿ ಏನೋ ಮೊದಲ ದಿನವೇ ಬದಲಾಯಿತು. ಜೊತೆಗೆ ಒಂದು ಕಾಟವೂ ಶುರುವಾಯಿತು. ಎಂಜಿನ್ ಆನ್ ಮಾಡಿದರೆ ಕಿವಿ ಪಕ್ಕ ಸೊಳ್ಳೆ ಹಾರಿದ ಹಾಗೆ ಸಣ್ಣ ಕುಂಯ್. ಎಕ್ಸಲರೇಟರ್ ಒತ್ತಿದರೆ ಅದೂ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಲಾರಿಗಳ ನಡುವೆ ಗೊತ್ತಾಗುತ್ತಿರಲಿಲ್ಲ. ಆಲಾಪ ನಡೆಯುವಾಗ ಮಾತ್ರ ತಂಬೂರಿಗೆ ಜೊತೆ ಕೊಡುತ್ತಿತ್ತು.

ಇದು ಎಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರಿನ ಸದ್ದು. ಅದರಿಂದ ಬರುವ ಕರೆಂಟ್ ಡಿಸಿ ಆಗಿ ಬದಲಾದರೂ ಸ್ವಲ್ಪ ಏರಿಳಿತ ಉಳಿದಿರುತ್ತದೆ. ಆಂಪ್‌ನ ಗ್ರೌಂಡ್ (ಕಾರಿನ ಬಾಡಿಗೆ ಕೂರಿಸುವ ಮೈನಸ್ ವೈರ್) ಸಡಿಲವಾಗಿದ್ದರೆ ಅದು ಹಾಡಿನ ದಾರಿಗೆ ನುಗ್ಗುತ್ತದೆ. ಫಿಟ್ ಮಾಡಿದ ಅಂಗಡಿಯವರು "ಎಲ್ಲಾ ಕಾರಲ್ಲೂ ಇಷ್ಟು ಇರ್ತದೆ ಸರ್" ಅಂದರು. ಆಮೇಲೆ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲಿನ ನಡುವೆ, ಇಂಥ ಸದ್ದು ತಡೆಯುವ ಒಂದು ಐಸೊಲೇಟರ್ ತೂರಿಸಿದರು. ಕುಂಯ್ ಕಡಿಮೆಯಾಯಿತು, ಬಾಸೂ ಕಡಿಮೆಯಾಯಿತು! ಅಗ್ಗದ ಐಸೊಲೇಟರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ತಗ್ಗಿನ ಸ್ವರ ಪೂರ್ತಿ ದಾಟಿಸಲು ಆಗುವುದಿಲ್ಲ.

ಕೊನೆಗೆ ಕೌಲ್‌ಬಜಾರಿನ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನೋಡಿದರು. ಅವರು ಡೆಕ್ ಕಡೆ ತಿರುಗಿಯೂ ನೋಡಲಿಲ್ಲ. ಸೀಟ್ ಹಿಂದಕ್ಕೆ ತಳ್ಳಿ, ಮ್ಯಾಟ್ ಎತ್ತಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಆಂಪ್‌ನ ಗ್ರೌಂಡಿಗೆ ಇಟ್ಟು ಹಾಡು ಜೋರು ಮಾಡಿಸಿದರು. ಸೊನ್ನೆಯ ಹತ್ತಿರ ನಿಲ್ಲಬೇಕಾದ ಮುಳ್ಳು ಬಾಸ್ ಬಿದ್ದಾಗಲೆಲ್ಲ ಕುಣಿಯುತ್ತಿತ್ತು. ಗ್ರೌಂಡ್ ವೈರನ್ನು ಸೀಟ್ ಬೆಲ್ಟಿನ ಬೋಲ್ಟಿಗೆ, ಪೇಂಟಿನ ಮೇಲೇ ಸುತ್ತಿ ಬಿಗಿದಿದ್ದರು. ಬೆಲ್ಟಿನ ಬೋಲ್ಟ್ ಹೀಗೆ ಬಿಚ್ಚಿ ಆಡುವ ಜಾಗವೇ ಅಲ್ಲ. ಅದನ್ನು ಮೊದಲಿನಂತೆ ಬಿಗಿದು, ಆಂಪ್ ಪಕ್ಕದಲ್ಲೇ ತಗಡಿನ ಮೇಲಿನ ಪೇಂಟನ್ನು ರೂಪಾಯಿ ನಾಣ್ಯದಷ್ಟು ಅಗಲ ಕೆರೆದರು. ಬಿಳಿ ಲೋಹ ಹೊಳೆಯುವ ತನಕ ಬಿಡಲಿಲ್ಲ. ಹಲ್ಲಿರುವ ವಾಷರ್ ಹಾಕಿ ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದರು. ಕರೆಂಟ್ ವೈರಿನ ಜೊತೆಗೇ ಓಡುತ್ತಿದ್ದ ಆರ್‌ಸಿಎ ಕೇಬಲ್ಲನ್ನು ಕಾರಿನ ಇನ್ನೊಂದು ಬದಿಗೆ ದಾಟಿಸಿದರು. ಐಸೊಲೇಟರ್ ಕಿತ್ತು ನನ್ನ ಕೈಗೆ ಕೊಟ್ಟರು. ಸೊಳ್ಳೆ ಸತ್ತಿತ್ತು, ಬಾಸ್ ವಾಪಸ್ ಬಂದಿತ್ತು.

ಹಾಕಿಸುವವರಿಗೆ ಇನ್ನೊಂದೆರಡು ಮಾತು. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಲಿ, ಇಲ್ಲದಿದ್ದರೆ ವೈರ್ ಉಜ್ಜಿ ಬಾಡಿಗೆ ತಾಗಿದಾಗ ಬೆಂಕಿ ಹತ್ತಬಹುದು. ವೈರ್ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಇರುವ ಅಲ್ಯೂಮಿನಿಯಂ, ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗೆ ಕಂಡರೆ ತವರ ಬಳಿದ ತಾಮ್ರ, ತಾಮ್ರದ್ದೇ ಕೇಳಿ ತಗೊಳ್ಳಿ. ಆಂಪ್ ಮೇಲಿನ ಗೇನ್ ಅಂದರೆ ವಾಲ್ಯೂಮ್ ಅಲ್ಲ, ಬರುವ ಸಿಗ್ನಲ್ಲಿಗೆ ಆಂಪ್ ಹೊಂದಿಸುವ ತಿರುಪು, ಸುಮ್ನೆ ಪೂರ್ತಿ ತಿರುಗಿಸಬೇಡಿ. ಫ್ಯಾನ್ ಇರುವ ಆಂಪ್ ನಮ್ಮ ಧೂಳಿಗೆ ಬೇಡ. ಸ್ಪೀಕರ್ ವೈರನ್ನೇ ನೇರವಾಗಿ ತಗೊಳ್ಳುವ ಆಂಪ್ ಸಿಕ್ಕರೆ ಕನ್ವರ್ಟರ್ ಖರ್ಚು ಉಳಿಯುತ್ತದೆ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ಕಂಪನಿ ವೈರಿಗೆ ನೇರ ಚುಚ್ಚುವ ಪ್ಲಗ್) ಸಿಕ್ಕರೆ ಕಂಪನಿ ವೈರ್ ಕತ್ತರಿಸಲು ಬಿಡಬೇಡಿ, ವಾರಂಟಿ ತಕರಾರು ಬರುವುದು ಅಲ್ಲೇ.

ನನ್ನ ಹಾಗೆ ದಿನಾ ಹೈವೇ ಓಡಾಟ, ಮ್ಯಾಪಿಗೆ ಫೋನ್ ಸಾಕು, ಬಜೆಟ್ 15,000ದೊಳಗೆ ಅಂದರೆ ಆಂಪ್ ಹಾಕಿಸಿ. ಊರೊಳಗೆ ಮಾತ್ರ ಓಡಾಡುವವರು, ರಾಯಲ್ ಸರ್ಕಲ್ಲಿನಿಂದ ಮೋತಿ ಸರ್ಕಲ್ಲಿಗೆ ಹೋಗುವಷ್ಟರಲ್ಲಿ ಒಂದು ಹಾಡೂ ಮುಗಿಯದವರು, ಕಂಪನಿ ಡೆಕ್ಕಿನಲ್ಲೇ ಕೇಳಿಕೊಂಡು ಆ ದುಡ್ಡನ್ನು ಟೈರಿಗೆ ಹಾಕಿದರೂ ನಡೆಯುತ್ತದೆ.